ಹಿಂದಿನ ಕಾಯಿಲ್ ಸ್ಪ್ರಿಂಗ್ ಕೂತಿದೆ, ದಪ್ಪ ಸ್ಪ್ರಿಂಗ್ ಹಾಕ್ಸೋದಾ, ರಬ್ಬರಾ, ಒರಿಜಿನಲ್ಲಾ?

ಹೆತ್ತೂರು_ರಸ್ತೆ

ಎಲ್ರಿಗೂ ನಮಸ್ಕಾರ. ನಮ್ದು 2014ರ ಡೀಸೆಲ್ ಹ್ಯಾಚ್‌ಬ್ಯಾಕು, ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗು ಶಾಕು ಒಂದೇ ಕಂಬದಲ್ಲಿ ಸೇರಿರೋದು), ಹಿಂದೆ ಟಾರ್ಶನ್ ಬೀಮ್ (ಎರಡೂ ಹಿಂದಿನ ಚಕ್ರ ಸೇರಿಸೋ ಅಡ್ಡ ತೊಲೆ), ಕಾಯಿಲ್ ಸ್ಪ್ರಿಂಗ್ ಬೇರೆ ಶಾಕ್ ಬೇರೆ ಇರೋ ಥರದ್ದು. ಸಕಲೇಶಪುರದ ಹತ್ರ ತೋಟದಲ್ಲಿ ಇರೋದು ನಾವು, ರಸ್ತೆ ಹೇಗಿದೆ ಅಂತ ಈ ಕಡೆಯವರಿಗೆ ಹೇಳ್ಬೇಕಾಗಿಲ್ಲ. ಒಬ್ನೇ ಓಡಿಸುವಾಗ ಗಾಡಿ ಚೆನ್ನಾಗೇ ಇದೆ, ಆದ್ರೆ ಹಿಂದೆ ಮೂರು ಜನ ಕೂತು ಡಿಕ್ಕಿಲಿ ಒಂದು ಮೂಟೆ ಇಟ್ರೆ ಹಿಂಭಾಗ ಪೂರ್ತಿ ಕೂತ್ಕೊಳ್ಳುತ್ತೆ, ಹಂಪ್ ಇಳಿಯುವಾಗ ಕೆಳಗಡೆ ಕೆರ್ಕೊಂಡು ಹೋಗುತ್ತೆ, ಗುಂಡಿಗೆ ಇಳಿದ್ರೆ ದಡ್ ಅಂತ ಸೀದಾ ಬಾಡಿಗೇ ಹೊಡ್ದ ಹಾಗೆ ಸೌಂಡು. ಅಮ್ಮಂಗೆ ಸೊಂಟ ನೋವಿದೆ, ಹಾಸನದ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾ ಇರ್ಬೇಕು, ಹಿಂದಿನ ಸೀಟಲ್ಲಿ ಕೂತು ಅವ್ರು ಪಡೋ ಪಾಡು ನೋಡೋಕಾಗಲ್ಲ.

ಇಲ್ಲಿ ಕೇಳಿದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಒಬ್ರು ಸ್ಪ್ರಿಂಗ್ ಮಧ್ಯ ರಬ್ಬರ್ ಬಫರ್ ಹಾಕ್ಸಿ ಸಾಕು ಅಂತಾರೆ, ಇನ್ನೊಬ್ರು ದಪ್ಪ ತಂತಿದು ಹಾಕಿದ್ರೆ 30 ಎಂಎಂ ಎತ್ತರ ಬರುತ್ತೆ ಅಂತ, ಒಬ್ರಂತೂ ಹಳೇದನ್ನೇ ಬಿಸಿ ಮಾಡಿ ಎಳೆದು ಕೊಡ್ತೀನಿ ಅಂದ್ರು. ಒರಿಜಿನಲ್ ಹಾಕಿದ್ರೆ ಮತ್ತೆ ಇದೇ ಕಥೆ ಆಗುತ್ತಾ? ಗೊತ್ತಿರೋರು ದಯವಿಟ್ಟು ಸ್ವಲ್ಪ ವಿವರವಾಗಿ ಹೇಳಿ, ದುಡ್ಡು ಖರ್ಚಾದ್ರೂ ಪರ್ವಾಗಿಲ್ಲ, ಆದ್ರೆ ಸರಿಯಾದ್ದೇ ಹಾಕ್ಸ್ಬೇಕು.

ಬನಶಂಕರಿ_ಬೋಲ್ಟ್

ಸ್ಪ್ರಿಂಗ್ ಡಿಸೈನ್ ಕೆಲಸದಲ್ಲೇ ಇರೋನು ನಾನು, ಸ್ವಲ್ಪ ಉದ್ದ ಆಗುತ್ತೆ, ಓದಿ.

ಮೊದ್ಲು ತಲೇಲಿ ಇಟ್ಕೋಬೇಕಾದ್ದು, ಎತ್ತರ ಬೇರೆ, ಗಟ್ಟಿತನ ಬೇರೆ. ಅಂಗಡಿಲಿ ಎರಡನ್ನೂ ಕಲಸಿ ಮಾತಾಡ್ತಾರೆ, ಅದಕ್ಕೇ ಜನ ತಪ್ಪು ಸ್ಪ್ರಿಂಗ್ ತಗೊಳ್ಳೋದು. ಹಳೇ ಸ್ಪ್ರಿಂಗ್ ಕೂತಿದೆ ಅಂದ್ರೆ ಅದರ ಉದ್ದ ಕಮ್ಮಿಯಾಗಿದೆ ಅಂತ ಅರ್ಥ, ಮೆತ್ತಗಾಗಿದೆ ಅಂತಲ್ಲ. ತಿರುಚೋಕೆ ಹೋದ್ರೆ ಉಕ್ಕು ಎಷ್ಟು ಗಟ್ಟಿಯಾಗಿ ತಡೆಯುತ್ತೆ ಅನ್ನೋ ಅಳತೆ (ಶಿಯರ್ ಮಾಡ್ಯುಲಸ್) ಸುಮಾರು 79 ಗಿಗಾಪಾಸ್ಕಲ್, ಹತ್ತು ವರ್ಷ ಗುಂಡಿ ಮೇಲೆ ಓಡಿಸಿದ್ರೂ ಅದು ಬದಲಾಗಲ್ಲ. ಹಾಗಾಗಿ ನಿಮ್ಮ ಗಾಡಿ ಖಾಲಿ ಇದ್ದಾಗಲೇ ತಗ್ಗಿದೆಯಾ, ಇಲ್ಲ ಖಾಲಿ ಇದ್ದಾಗ ಸರಿಯಿದ್ದು ಲೋಡ್ ಹಾಕಿದ್ಮೇಲೆ ಮಾತ್ರ ಜಾಸ್ತಿ ಇಳಿಯುತ್ತಾ ಅನ್ನೋದು ಮೊದ್ಲು ಗೊತ್ತಾಗ್ಬೇಕು. ಮೊದಲನೇದಾದ್ರೆ ಹೊಸ ಒರಿಜಿನಲ್ ಸ್ಪ್ರಿಂಗೇ ಮದ್ದು. ಎರಡನೇದಾದ್ರೆ ಮಾತ್ರ ಗಟ್ಟಿ ಸ್ಪ್ರಿಂಗ್ ಬಗ್ಗೆ ಯೋಚ್ನೆ ಮಾಡ್ಬೇಕು.

ದಪ್ಪ ತಂತಿ ಅಂದ್ರಲ್ಲ, ಅದರ ಲೆಕ್ಕ ನೋಡಿ. ಗಟ್ಟಿತನ ತಂತಿ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತೆ, ಸುರುಳಿ ವ್ಯಾಸದ ಘನಕ್ಕೆ ಇಳಿಯುತ್ತೆ, ಕೆಲಸ ಮಾಡೋ ಸುತ್ತು ಜಾಸ್ತಿ ಆದಷ್ಟೂ ಇಳಿಯುತ್ತೆ. 11 ಎಂಎಂ ತಂತಿ, 100 ಎಂಎಂ ಸುರುಳಿ (ತಂತಿ ಮಧ್ಯದಿಂದ ಮಧ್ಯಕ್ಕೆ ಅಳೆದಿದ್ದು), ಕೆಲಸ ಮಾಡೋ ಸುತ್ತು 6 ಅಂತಿಟ್ಕೊಳ್ಳಿ, ಒಂದು ಮಿಲಿಮೀಟರ್ ಕೂರೋಕೆ ಸುಮಾರು 2.5 ಕೆಜಿ ಬೇಕು. ಬೇರೆಲ್ಲ ಹಾಗೇ ಇಟ್ಟು ತಂತಿ 12 ಎಂಎಂ ಮಾಡಿದ್ರೆ 3.5 ಕೆಜಿ ಆಗುತ್ತೆ. ಕಣ್ಣಿಗೆ ಕಾಣ್ದೇ ಇರೋ ಒಂದು ಮಿಲಿಮೀಟರ್ ದಪ್ಪಕ್ಕೆ ಗಟ್ಟಿತನ 40 ಪರ್ಸೆಂಟ್ ಮೇಲೆ ಹೋಯ್ತು. ಅಂಗಡಿಯವರು ಸ್ವಲ್ಪ ದಪ್ಪ ಅಷ್ಟೇ ಅಂದಾಗ ಇದನ್ನ ನೆನಪಿಟ್ಕೊಳ್ಳಿ.

ಈಗ ಹಿಂದೆ ಮೂರು ಜನ, ಮೂಟೆ ಸೇರಿ ಹಿಂದಿನ ಆಕ್ಸಲ್ ಮೇಲೆ 200 ಕೆಜಿ ಜಾಸ್ತಿ ಬಂತು ಅನ್ನಿ, ಒಂದೊಂದು ಚಕ್ರಕ್ಕೆ 100. 2.5ರ ಸ್ಪ್ರಿಂಗ್ 40 ಎಂಎಂ ಕೂರುತ್ತೆ, 3.5ರದ್ದು 29 ಎಂಎಂ. ಅಂದ್ರೆ ಲೋಡಲ್ಲಿ ನಿಮಗೆ ಸಿಗೋದು ಬರೀ 11 ಎಂಎಂ. ಅಂಗಡಿಯವರು ಹೇಳೋ 30 ಎಂಎಂ ಎಲ್ಲಿಂದ ಬರುತ್ತೆ ಅಂದ್ರೆ, ಗಾಡಿಯ ಖಾಲಿ ಭಾರಕ್ಕೇ ಗಟ್ಟಿ ಸ್ಪ್ರಿಂಗ್ ಕಮ್ಮಿ ಕೂರುತ್ತೆ, ಹಾಗಾಗಿ ಖಾಲಿ ಇದ್ದಾಗ್ಲೂ ಹಿಂಭಾಗ ಎದ್ದೇ ನಿಂತಿರುತ್ತೆ. ಒಬ್ರೇ ಓಡಿಸುವಾಗ ಹಿಂದಿನ ಚಕ್ರ ಕುಪ್ಪಳಿಸೋಕೆ ಶುರು.

ಕುಲುಕಾಟದ ವೇಗಾನೂ ನೋಡ್ಬೇಕು. ಚಕ್ರದ ಮೇಲೆ 200 ಕೆಜಿ ಇದ್ರೆ 2.5ರ ಸ್ಪ್ರಿಂಗಲ್ಲಿ ಸೆಕೆಂಡಿಗೆ 1.75 ಸಲ, 3.5ರದ್ದಲ್ಲಿ 2.1 ಸಲ. ಮನೆ ಗಾಡಿಗಳು ಸಾಮಾನ್ಯವಾಗಿ 1ರಿಂದ 1.5ರ ಆಸುಪಾಸಲ್ಲಿ ಇರುತ್ತೆ, ಸಣ್ಣ ಗಾಡಿ ಖಾಲಿ ಇದ್ದಾಗ ಹಿಂದೆ ಸ್ವಲ್ಪ ಮೇಲೆ. 2 ದಾಟಿದ್ರೆ ಸ್ಪೋರ್ಟ್ಸ್ ಕಾರಿನ ಲೆಕ್ಕ. ಅದರ ಜೊತೆ ಕಂಪನಿ ಶಾಕ್ 2.5ರ ಸ್ಪ್ರಿಂಗಿಗೆ ಅಂತಲೇ ಟ್ಯೂನ್ ಆಗಿರುತ್ತೆ, ಸ್ಪ್ರಿಂಗ್ 40 ಪರ್ಸೆಂಟ್ ಗಟ್ಟಿ ಮಾಡಿ ಶಾಕ್ ಹಳೇದೇ ಬಿಟ್ರೆ ಸ್ಪ್ರಿಂಗ್ ವಾಪಸ್ ಚಿಮ್ಮೋದನ್ನ ಅದು ಹಿಡಿಯೋಕೆ ಆಗಲ್ಲ.

ಅಮ್ಮನ ವಿಷ್ಯ ಹೇಳಿದ್ರಲ್ಲ, ಅದಕ್ಕೇ ಇಷ್ಟು ಬರೀತಿದೀನಿ. ಕೂತವರ ಬೆನ್ನಿಗೆ ಅತಿ ಕಷ್ಟ ಕೊಡೋದು ಸೆಕೆಂಡಿಗೆ 4ರಿಂದ 8ರ ನಡುವಿನ ಮೇಲೆ ಕೆಳಗಿನ ಕಂಪನ, ಮತ್ತೆ ಒಂದೇ ಏಟಿಗೆ ಬರೋ ಹೊಡೆತ. ನಿಮ್ಮ ದಡ್ ಸೌಂಡು ಬಂಪ್ ಸ್ಟಾಪಿಗೆ (ಸ್ಪ್ರಿಂಗ್ ಪೂರ್ತಿ ಕೂತಾಗ ಹೊಡೆತ ತಡೆಯೋ ಮೆತ್ತೆ) ಹೊಡೆದಿದ್ದು ಅಂತ ನಂಗನ್ಸುತ್ತೆ. ಬಂಪ್ ಸ್ಟಾಪ್ ಫೋಮ್ ಥರದ ವಸ್ತು, ವರ್ಷ ಆದ್ಮೇಲೆ ಪುಡಿ ಪುಡಿಯಾಗಿ ಉದುರಿ ಹೋಗುತ್ತೆ, ಆಮೇಲೆ ಲೋಹಕ್ಕೆ ಲೋಹಾನೇ ಹೊಡೆಯೋದು. ಅದನ್ನ ನೋಡ್ದೇ ಗಟ್ಟಿ ಸ್ಪ್ರಿಂಗ್ ಹಾಕಿದ್ರೆ ಅವರಿಗೆ ಖಾಲಿ ರಸ್ತೇಲೂ ನೋವು.

ರಬ್ಬರ್ ಬಫರ್ ಬೇಡ. ಅದು ಒಂದು ಸುತ್ತನ್ನ ಕಟ್ಟಿ ಹಾಕುತ್ತೆ, 6 ಸುತ್ತು ಮಾಡ್ತಿದ್ದ ಕೆಲಸ 5 ಸುತ್ತು ಮಾಡ್ಬೇಕು, ಗುಂಡಿ ಅಷ್ಟೇ ಆಳ ಇರುತ್ತೆ ಆದ್ರೆ ಉಳಿದ ಪ್ರತಿ ಸುತ್ತೂ ಜಾಸ್ತಿ ತಿರುಚಬೇಕು. ರಬ್ಬರ್ ಕೆಳಗೆ ಕೆಸರು ಮರಳು ಸೇರಿ ಪೇಂಟ್ ಉಜ್ಜಿ ತೆಗೆಯುತ್ತೆ, ತುಕ್ಕು ಅಲ್ಲೇ ಶುರುವಾಗುತ್ತೆ. ಬಿಸಿ ಮಾಡಿ ಎಳೆಯೋದಂತೂ ಯಾವ ಕಾರಣಕ್ಕೂ ಬೇಡ, ಗ್ಯಾಸ್ ಬೆಂಕಿ ತಗುಲಿದ ಜಾಗದಲ್ಲಿ ಉಕ್ಕಿನ ಹದ ಹೋಗುತ್ತೆ, ಇವತ್ತು ಎತ್ತರ ಕಾಣುತ್ತೆ, ಸ್ವಲ್ಪ ದಿನಕ್ಕೆ ಮತ್ತೆ ಕೂರುತ್ತೆ ಇಲ್ಲ ಮುರಿಯುತ್ತೆ.

ಈಗ ಮಾಡ್ಬೇಕಾದ್ದು ಅಳತೆ. ಸಮ ನೆಲದ ಮೇಲೆ ಗಾಡಿ ನಿಲ್ಸಿ. ಕಾಫಿ ಕಣ ಸಮ ಅನ್ಸುತ್ತೆ ಆದ್ರೆ ನೀರು ಹರಿಯೋಕೆ ಇಳಿಜಾರು ಕೊಟ್ಟಿರ್ತಾರೆ, ಅಲ್ಲೇ ಅಳೆಯೋದಾದ್ರೆ ಗಾಡಿ ತಿರುಗಿಸಿ ನಿಲ್ಸಿ ಇನ್ನೊಂದು ಸಲ ಅಳೆದು ಸರಾಸರಿ ತಗೊಳ್ಳಿ. ನಾಲ್ಕೂ ಟೈರಿಗೆ ಸರಿಯಾದ ಗಾಳಿ, ಡಿಕ್ಕಿ ಖಾಲಿ, ಒಂದೆರಡು ಮೀಟರ್ ಹಿಂದೆ ಮುಂದೆ ತಳ್ಳಿ ಬುಶ್ (ಜೋಡಣೆ ಜಾಗದ ರಬ್ಬರ್) ಸಡಿಲ ಆಗೋಕೆ ಬಿಡಿ, ಚಕ್ರಕ್ಕೆ ಕಲ್ಲು ಕೊಟ್ಟು ಹ್ಯಾಂಡ್ ಬ್ರೇಕ್ ಬಿಡಿ. ಚಕ್ರದ ಮಧ್ಯ ಬಿಂದುವಿನಿಂದ ಮಡ್‌ಗಾರ್ಡ್ ಅಂಚಿಗೆ ಟೇಪ್ ಹಿಡಿದು ನಾಲ್ಕೂ ಕಡೆ ಬರ್ಕೊಳ್ಳಿ. ನೆಲದಿಂದ ಅಳೀಬೇಡಿ, ಟೈರ್ ಸವೆದಿದ್ದು ಲೆಕ್ಕ ಕೆಡಿಸುತ್ತೆ. ಆಮೇಲೆ ಲೋಡ್ ಹಾಕಿ ಮತ್ತೆ ಅಳೀರಿ. ಹತ್ರ ವೇ ಬ್ರಿಡ್ಜ್ ಇದ್ರೆ ಬರೀ ಹಿಂದಿನ ಚಕ್ರ ತಟ್ಟೆ ಮೇಲೆ ನಿಲ್ಸಿ ಖಾಲಿ ಒಂದ್ಸಲ ಲೋಡಲ್ಲಿ ಒಂದ್ಸಲ ತೂಕ ಹಾಕ್ಸಿ.

ಹುಬ್ಬಳ್ಳಿ_ಪಾನಾ

ಬೋಲ್ಟ್ ಸರ್ ಹೇಳಿದ್ದು ಖರೇ ಅದ. ನಾ ಗ್ಯಾರೇಜ್ ನಡಸ್ತೀನ್ರಿ, ಫಿಟ್ಟಿಂಗ್ ಬಗ್ಗೆ ಹೇಳ್ತೀನಿ, ಯಾಕಂದ್ರ ಚಲೋ ಸ್ಪ್ರಿಂಗ್ ತಂದು ತಪ್ಪ ಕೂಡಿಸಿದ್ರ ಏನೂ ಉಪಯೋಗ ಇಲ್ಲ.

ನಿಮ್ಮ ಗಾಡಿ ಹಿಂದಿಂದು ಸ್ಪ್ರಿಂಗ್ ಬಿಚ್ಚೂದು ಕಠಿಣ ಇಲ್ರಿ, ಕಂಪ್ರೆಸರ್ ಬೇಕಂತಿಲ್ಲ. ಬಾಡಿಗೆ ಎರಡೂ ಕಡೆ ಗಟ್ಟಿ ಸ್ಟ್ಯಾಂಡ್ ಕೊಡ್ರಿ, ಬರೀ ಜಾಕ್ ಮ್ಯಾಲೆ ನಿಂತ ಗಾಡಿ ಕೆಳಗ ಯಾರನ್ನೂ ಬಿಡಬ್ಯಾಡ್ರಿ. ಬೀಮ್ ಕೆಳಗ ಟ್ರಾಲಿ ಜಾಕ್ ಹಿಡದು ಶಾಕ್‌ದ್ದು ಕೆಳಗಿನ ಬೋಲ್ಟ್ ತಗದು, ಬೀಮ್ ಮೆಲ್ಲಕ ಇಳಸ್ರಿ. ಇಳಸೂಮುಂದ ಬ್ರೇಕ್ ಹೋಸ್, ಎಬಿಎಸ್ ವೈರ್, ಹ್ಯಾಂಡ್ ಬ್ರೇಕ್ ಕೇಬಲ್ ಮೂರೂ ಮ್ಯಾಲೆ ಕಣ್ಣಿರಲಿ, ಎಳ್ಕೊಳ್ಳಾಕತ್ರ ಅಲ್ಲೇ ನಿಲ್ಲಸ್ರಿ. ಸ್ಪ್ರಿಂಗ್ ಸಡ್ಲ ಆಗಿ ಕೈಗೆ ಬರ್ತದ. ಮ್ಯಾಲೆ ಕೆಳಗ ರಬ್ಬರ್ ಸೀಟ್ ಇರ್ತಾವ, ಅವ್ನೂ ಹೊಸವೇ ಹಾಕ್ರಿ, ರೊಕ್ಕ ಬಾಳ ಅಲ್ಲ. ಹೊಸ ಸ್ಪ್ರಿಂಗಿನ ತಂತಿ ತುದಿ ಸೀಟಿನೊಳಗಿನ ತಡೆಗೆ ಮುಟ್ಟಿ ಕೂಡಬೇಕು, ಅರ್ಧ ಇಂಚು ಆಕಡೆ ಈಕಡೆ ಆದ್ರೂ ಗಾಡಿ ಒಂದ ಕಡೆ ಎದ್ದ ನಿಲ್ತದ, ತಿರಗಸೂಮುಂದ ಟಣ್ ಟಣ್ ಅಂತ ಸೌಂಡ್ ಬರ್ತದ.

ಎಷ್ಟೋ ಗ್ಯಾರೇಜಿನಾಗ ಒಂದು ಕೆಲಸ ಮಾಡಂಗಿಲ್ಲ. ಬೀಮಿನ ಮುಂದಿನ ಬುಶ್ ಬೋಲ್ಟ್ ಸಡ್ಲ ಮಾಡಿದ್ರ, ಅದನ್ನ ಗಾಡಿ ಗಾಳ್ಯಾಗ ತೂಗಾಡೂಮುಂದ ಟೈಟ್ ಮಾಡಬಾರ್ದು. ಚಕ್ರ ನೆಲಕ್ಕ ಮುಟ್ಟಿ ಗಾಡಿ ತನ್ನ ಎತ್ತರಕ್ಕ ಬಂದ ಮ್ಯಾಲೇನ ಟೈಟ್ ಮಾಡಬೇಕು. ಇಲ್ಲಾಂದ್ರ ರಬ್ಬರ್ ಬುಶ್ ತಿರುಚಿಕೊಂಡೇ ಕೂತಿರ್ತದ, ಬಾಳಿಕಿ ಬರಂಗಿಲ್ಲ, ಎತ್ತರಾನೂ ತಪ್ಪ ತೋರಸ್ತದ. ಮುಂದ ಲೋವರ್ ಆರ್ಮ್ ಬುಶ್ಶಿಗೂ ಇದೇ ಲೆಕ್ಕ.

ಮುಂದಿನ ಸ್ಟ್ರಟ್ ಮಾತ್ರ ಮನ್ಯಾಗ ಬಿಚ್ಚಾಕ ಹೋಗಬ್ಯಾಡ್ರಿ. ಆ ಸ್ಪ್ರಿಂಗ್ ಒಳಗ ಬಾಳ ಒತ್ತಡ ಕೂತಿರ್ತದ, ಕಂಪ್ರೆಸರ್ ಎರಡೂ ಕಡೆ ಸಮ ಹಿಡಿದ ಮ್ಯಾಲೇನ ನಡುವಿನ ನಟ್ಟಿಗೆ ಪಾನಾ ಹಚ್ಚಬೇಕು. ಇದರಾಗ ಅವಸರ ಮಾಡಿ ಕೈ ಕಳಕೊಂಡವರು ಅದಾರ.

ಮತ್ತ ಯಾವಾಗಲೂ ಜೋಡಿನ ಹಾಕ್ರಿ, ಎಡಕ್ಕ ಹೊಸದು ಬಲಕ್ಕ ಹಳೇದು ನಡಿಯಂಗಿಲ್ಲ.

ಹೆತ್ತೂರು_ರಸ್ತೆ

ಇಬ್ರಿಗೂ ತುಂಬಾ ಥ್ಯಾಂಕ್ಸ್. ಬೋಲ್ಟ್ ಸಾರ್ ಹೇಳಿದ ಹಾಗೇ ಅಳೆದೆ, ತಿರುಗಿಸಿ ನಿಲ್ಸಿ ಸರಾಸರಿನೂ ತೆಗೆದಿದೀನಿ. ಖಾಲಿ ಗಾಡಿ, ಮುಂದೆ ಎಡ 366 ಬಲ 367. ಹಿಂದೆ ಎಡ 351, ಬಲ 363. ಹಿಂದೆ ಮೂರು ಜನ, ಮೂಟೆ ಎಲ್ಲ ಇದ್ದಾಗ ಎಡ 308, ಬಲ 323. ವೇ ಬ್ರಿಡ್ಜಲ್ಲಿ ಹಿಂದಿನ ಆಕ್ಸಲ್ ಲೋಡಲ್ಲಿ 210 ಕೆಜಿ ಜಾಸ್ತಿ ತೋರಿಸ್ತು. ಎಡಗಡೆ ಯಾಕೆ ಇಷ್ಟು ತಗ್ಗು? ಗಾಡಿಗೆ ಏನೂ ಆಕ್ಸಿಡೆಂಟ್ ಆಗಿಲ್ಲ. ಶಾಕಲ್ಲಿ ಎಣ್ಣೆ ಸೋರಿಲ್ಲ.

ಮಲ್ಪೆ_ಮಳೆ

ಎಡ ಬಲ 12 ಎಂಎಂ ವ್ಯತ್ಯಾಸ ಉಂಟಲ್ಲ, ನೀವು ಎಡದ ಸ್ಪ್ರಿಂಗಿನ ಕೆಳಗಿನ ತುದಿ ಒಮ್ಮೆ ಸರಿಯಾಗಿ ನೋಡಿ ಮಾರಾಯ್ರೆ, ಅದು ಮುರಿದಿರ್ಲಿಕ್ಕೂ ಸಾಕು. ನಮ್ಮ ಕರಾವಳಿಯಲ್ಲಿ ಇದು ಬಹಳ, ಉಪ್ಪು ಗಾಳಿ, ಮಳೆ ಎರಡೂ ಸೇರಿ. ನಿಮ್ಮಲ್ಲಿ ಉಪ್ಪಿಲ್ಲ ಆದ್ರೆ ಮಳೆ ಕೆಸರು ಬೇಕಾದಷ್ಟು ಉಂಟು. ಸ್ಪ್ರಿಂಗ್ ಮೇಲೆ ಇರುವ ಎಪಾಕ್ಸಿ ಪೇಂಟ್ ಒಂದು ಜಲ್ಲಿ ಕಲ್ಲು ತಾಗಿ ಎದ್ದರೆ ಸಾಕು, ಅಲ್ಲಿಂದ ತುಕ್ಕು ಒಳಗೆ ಹೋಗ್ತದೆ. ಕೆಳಗಿನ ಸೀಟಿನಲ್ಲಿ ಕೆಸರು ನಿಲ್ತದೆ, ಸದಾ ಒದ್ದೆ, ಹಾಗಾಗಿ ಮುರಿಯುವುದು ಹೆಚ್ಚಾಗಿ ಅಲ್ಲಿಯೇ, ಕೊನೆಯ ಅರ್ಧ ಸುತ್ತಿನಲ್ಲಿ. ಮುರಿದ ತುಂಡು ಸೀಟಿನ ಒಳಗೇ ಕೂತಿರ್ತದೆ, ಉಳಿದ ಸ್ಪ್ರಿಂಗ್ ಅದರ ಪಕ್ಕಕ್ಕೆ ಜಾರಿ ಕೂರ್ತದೆ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಗಾಡಿ ಒಂದು ಬದಿ ತಗ್ಗಿದ್ದು ಮಾತ್ರ ಕಾಣುವುದು.

ಪೈಪಲ್ಲಿ ನೀರು ಹಿಡಿದು ಕೆಸರೆಲ್ಲ ತೊಳೆದು, ಟಾರ್ಚ್ ಹಾಕಿ ನೋಡಿ, ಬೆರಳಲ್ಲಿ ತಂತಿ ತುದಿ ಮುಟ್ಟಿ ನೋಡಿ. ಒರಿಜಿನಲ್ ತುದಿ ಸಮಾ ಕತ್ತರಿಸಿದ ಹಾಗೆ ಇರ್ತದೆ, ಮೇಲೆ ಪೇಂಟ್ ಇರ್ತದೆ. ಮುರಿದದ್ದಾದ್ರೆ ಓರೆಯಾಗಿ ಒರಟು ಇರ್ತದೆ, ತುಕ್ಕು ಬಣ್ಣ. ಅದು ಗ್ಯಾರಂಟಿ ಆಗುವವರೆಗೆ ಲೋಡ್ ಹಾಕಿ ಘಾಟಿ ಇಳಿಸ್ಬೇಡಿ, ಮುರಿದ ಚೂಪು ತುದಿ ಸೀಟ್ ಬಿಟ್ಟು ಹೊರಗೆ ಬಂದರೆ ಟೈರಿಗೆ ತಾಗ್ಲಿಕ್ಕೂ ಸಾಕು.

ಬನಶಂಕರಿ_ಬೋಲ್ಟ್

ಮಲ್ಪೆಯವರು ಸರಿಯಾದ ಜಾಗಕ್ಕೇ ಕೈ ಇಟ್ರು, ಅದನ್ನೇ ಮೊದ್ಲು ನೋಡಿ. ನಿಮ್ಮ ಅಂಕಿಗಳಿಂದ ಇನ್ನೊಂದು ವಿಷ್ಯಾನೂ ಗೊತ್ತಾಯ್ತು. ಬಲಗಡೆ 105 ಕೆಜಿಗೆ 40 ಎಂಎಂ ಇಳಿದಿದೆ, ಅಂದ್ರೆ ಮಿಲಿಮೀಟರಿಗೆ 2.6 ಕೆಜಿ. ಎಡಗಡೆ 43 ಎಂಎಂ, ಹೆಚ್ಚೂ ಕಮ್ಮಿ ಅಷ್ಟೇ. ಒಂದು ಬದಿಗೆ ಭಾರದವರು ಕೂತಿದ್ರೂ ಇಷ್ಟು ವ್ಯತ್ಯಾಸ ಬರುತ್ತೆ. ಗಟ್ಟಿತನ ಎರಡೂ ಕಡೆ ಸರಿಯಾಗೇ ಇದೆ, ಹೋಗಿರೋದು ಎತ್ತರ ಮಾತ್ರ. ಹಾಗಾಗಿ ದಪ್ಪ ಸ್ಪ್ರಿಂಗಿನ ಯೋಚ್ನೆ ಬಿಟ್ಬಿಡಿ, ಹೊಸ ಒರಿಜಿನಲ್ ಜೋಡಿ, ರಬ್ಬರ್ ಸೀಟು, ಬಂಪ್ ಸ್ಟಾಪು, ಇಷ್ಟು ಹಾಕ್ಸಿ. ಶಾಕ್ ಒರಿಜಿನಲ್ಲೇ ಇದ್ದು ಲಕ್ಷ ಕಿಲೋಮೀಟರ್ ದಾಟಿದ್ರೆ ಅದನ್ನೂ ಇದರ ಜೊತೆಗೇ ಬದಲಾಯಿಸಿ, ಎಣ್ಣೆ ಸೋರಿಲ್ಲ ಅಂದ ಮಾತ್ರಕ್ಕೆ ಒಳಗಿನ ವಾಲ್ವ್ ಸರಿ ಇದೆ ಅಂತಲ್ಲ. ಹಿಂಭಾಗದ ಮೂಲೆ ಜೋರಾಗಿ ಅದುಮಿ ಬಿಡಿ, ಒಂದ್ಸಲ ಮೇಲೆ ಬಂದು ನಿಲ್ಬೇಕು, ಇನ್ನೂ ತೂಗಾಡಿದ್ರೆ ಶಾಕ್ ಮುಗಿದಿದೆ.

ತರೋವಾಗ ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ. ಒಂದೇ ಮಾಡೆಲ್ಲಲ್ಲಿ ಪೆಟ್ರೋಲಿಗೆ ಡೀಸೆಲ್ಲಿಗೆ ಬೇರೆ ಸ್ಪ್ರಿಂಗ್ ಇರುತ್ತೆ, ಅದರಲ್ಲೂ ಮುಂದೆ, ಡೀಸೆಲ್ ಎಂಜಿನ್ ಭಾರ ಜಾಸ್ತಿ ಅಲ್ವಾ. ಸ್ಪ್ರಿಂಗ್ ಮೇಲೆ ಸಣ್ಣ ಬಣ್ಣದ ಗುರುತು ಇರುತ್ತೆ, ಹಳೇದರಲ್ಲಿ ಕೆಸರು ತೊಳೆದ್ರೆ ಇನ್ನೂ ಕಾಣಬಹುದು, ಫೋಟೋ ತೆಗೆದಿಟ್ಕೊಳ್ಳಿ. ಬೆಂಗಳೂರಿಗೆ ಬಂದಾಗ ಜೆ.ಸಿ. ರೋಡಲ್ಲಿ ತಗೊಳ್ಳೋದಾದ್ರೆ ಕಣ್ಣಳತೆ ನಂಬ್ಬೇಡಿ, ಒಂದು ವರ್ನಿಯರ್ ಇಟ್ಕೊಂಡು ತಂತಿ ದಪ್ಪ ನೀವೇ ನೋಡಿ. ಅರ್ಧ ಮಿಲಿಮೀಟರ್ ವ್ಯತ್ಯಾಸ ಅಂದ್ರೆ ಗಟ್ಟಿತನ ಸುಮಾರು 20 ಪರ್ಸೆಂಟ್ ವ್ಯತ್ಯಾಸ.

ಹೆತ್ತೂರು_ರಸ್ತೆ

ಮಲ್ಪೆಯವ್ರೇ, ನೀವು ಹೇಳಿದ್ದೇ ಆಯ್ತು. ತೊಳೆದು ಕೈ ಹಾಕಿದ್ರೆ ಎಡಗಡೆ ಬೆರಳುದ್ದದ ತುಂಡು ಮುರಿದು ರಬ್ಬರ್ ಸೀಟಿಗೇ ಅಂಟ್ಕೊಂಡಿದೆ, ಮುರಿದ ಜಾಗ ಪೂರ್ತಿ ಕಂದು ಬಣ್ಣ, ಹೊಸದಾಗಿ ಮುರಿದಿದ್ದಲ್ಲ. ಬಂಪ್ ಸ್ಟಾಪ್ ಎರಡೂ ಕಡೆ ಅರ್ಧಕ್ಕರ್ಧ ಇಲ್ಲ. ಗಾಡಿ ನಿಲ್ಸಿದೀನಿ, ಅಮ್ಮನ್ನ ಕರ್ಕೊಂಡು ಹೋಗೋಕೆ ಬಾವನ ಗಾಡಿ ಕೇಳಿದೀನಿ. ಪಾರ್ಟ್ಸ್ ಆರ್ಡರ್ ಆಯ್ತು, ಶಾಕ್ ಸಮೇತ. ಇನ್ನೊಂದೇ ಪ್ರಶ್ನೆ. ಇದೇ ಗಾಡಿಯ ಸೆಡಾನ್ ಮಾಡೆಲ್ ಬರುತ್ತಲ್ಲ, ಅದರ ಹಿಂದಿನ ಸ್ಪ್ರಿಂಗ್ ಇದಕ್ಕೆ ಹಾಕಿದ್ರೆ ಒಳ್ಳೇದು ಅಂತ ನಮ್ಮ ಮೆಕ್ಯಾನಿಕ್ ಹೇಳ್ತಿದಾರೆ, ಏನಂತೀರಿ? ಮತ್ತೆ ಹಾಕಿದ್ಮೇಲೆ ಏನೇನು ನೋಡ್ಕೋಬೇಕು?

ಬನಶಂಕರಿ_ಬೋಲ್ಟ್

ಸೆಡಾನ್ ಸ್ಪ್ರಿಂಗ್ ಅನ್ನೋದು ತಳ್ಳಿ ಹಾಕೋ ಮಾತಲ್ಲ. ದೊಡ್ಡ ಡಿಕ್ಕಿ ಲೋಡಿಗೆ ಅಂತ ಕಂಪನಿಯವರೇ ಲೆಕ್ಕ ಹಾಕಿ ಮಾಡಿರ್ತಾರೆ, ಅದರ ಶಾಕೂ ಅದಕ್ಕೇ ಹೊಂದ್ಕೊಂಡಿರುತ್ತೆ. ಆದ್ರೆ ಹಾಕೋದಾದ್ರೆ ಸ್ಪ್ರಿಂಗ್, ಶಾಕ್ ಎರಡೂ ಸೆಡಾನ್‌ದೇ ಆಗ್ಬೇಕು, ಸೀಟಿನ ವ್ಯಾಸ ಒಂದೇನಾ ಅಂತ ಹಳೇದರ ಪಕ್ಕ ಇಟ್ಟು ನೋಡ್ಬೇಕು, ಬೀಮ್ ಪೂರ್ತಿ ಇಳಿದಾಗ್ಲೂ ಸ್ಪ್ರಿಂಗ್ ಸೀಟಲ್ಲಿ ಬಿಗಿಯಾಗಿರ್ಬೇಕು, ಸಡಿಲ ಆದ್ರೆ ಒಂದು ದಿನ ಜಾಗ ಬಿಟ್ಟು ಬರುತ್ತೆ. ಯಾವಾಗ್ಲೂ ಐದು ಜನ ಲಗೇಜ್ ಹಾಕ್ಕೊಂಡೇ ಓಡಿಸೋರಿಗೆ ಅದು ಸರಿ. ನಿಮ್ಮ ಗಾಡಿ ಹೆಚ್ಚು ದಿನ ಒಬ್ರು ಇಬ್ರನ್ನೇ ಹೊತ್ಕೊಂಡು ಓಡಾಡುತ್ತೆ, ಹಿಂದೆ ಕೂರೋದು ನೋವಿರೋರು, ನಾನಾಗಿದ್ರೆ ಹ್ಯಾಚ್‌ಬ್ಯಾಕಿಂದೇ ಹಾಕ್ತಿದ್ದೆ. ಇನ್ನೊಂದು, ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಪ್ರಕಾರ ಆರ್‌ಸಿಲಿ ಇರೋ ವಿವರ ಕಂಪನಿ ಸ್ಪೆಸಿಫಿಕೇಷನ್‌ಗಿಂತ ಬೇರೆ ಆಗೋ ಹಾಗೆ ಗಾಡಿ ಮಾರ್ಪಾಡು ಮಾಡೋ ಹಾಗಿಲ್ಲ, ಎತ್ತರಿಸೋ ಕಿಟ್ ಹಾಕ್ಸೋರು ಇದನ್ನ ಮರೀತಾರೆ. ಒರಿಜಿನಲ್ ಪಾರ್ಟ್ ನಂಬರ್ ಹಾಕಿದ್ರೆ ಇನ್ಶೂರೆನ್ಸ್ ಕಡೆಯಿಂದಲೂ ತಕರಾರು ಬರೋ ಸಾಧ್ಯತೆ ಕಮ್ಮಿ.

ಹುಬ್ಬಳ್ಳಿ_ಪಾನಾ

ಹಾಕಿದ ಮ್ಯಾಲಿನ ಕೆಲಸ ಹೇಳ್ತೀನ್ರಿ. ಹೊಸ ಸ್ಪ್ರಿಂಗ್ ಮೊದಲ ಕೆಲವು ನೂರು ಕಿಲೋಮೀಟರಿನಾಗ ಸಣ್ಣಂಗ ಕೂಡ್ತದ, ಹಂಗಾಗಿ ಮೊದಲನೇ ದಿನಾನ ಎತ್ತರ ನೋಡಿ ಗಾಬರಿ ಆಗಬ್ಯಾಡ್ರಿ. ಒಂದು 500 ಕಿಲೋಮೀಟರ್ ಆದ ಮ್ಯಾಲೆ ಮೊದಲಿನಂಗ ನಾಲ್ಕೂ ಕಡೆ ಅಳೀರಿ, ಎಡ ಬಲ 5 ಎಂಎಂ ಒಳಗ ಇದ್ರ ಚಿಂತಿ ಇಲ್ಲ. ಆವಾಗ ಶಾಕ್ ಬೋಲ್ಟ್ ಎಲ್ಲಾ ಟಾರ್ಕ್ ರೆಂಚಿನಿಂದ ಇನ್ನೊಮ್ಮೆ ನೋಡಸ್ರಿ. ಟಾರ್ಶನ್ ಬೀಮಿಗೆ ಹಿಂದ ಅಲೈನ್‌ಮೆಂಟ್ ಸೆಟ್ ಮಾಡಾಕ ಬರಂಗಿಲ್ಲ, ಆದ್ರ ಹಿಂದಿನ ಎತ್ತರ ಬದಲಾದ್ರ ಮುಂದಿನ ಕ್ಯಾಸ್ಟರ್ (ಸ್ಟೇರಿಂಗ್ ತಿರಗೂ ಅಕ್ಷದ ಹಿಂದ ಮುಂದಿನ ಓರೆ) ಸ್ವಲ್ಪ ಬದಲಾಗ್ತದ, ಒಮ್ಮೆ ಮಷಿನ್ ಮ್ಯಾಲೆ ಹಾಕಿ ಮುಂದಿನ ಟೋ (ಚಕ್ರ ಒಳಗ ಹೊರಗ ತಿರಗಿರೂ ಕೋನ) ಸರಿ ಮಾಡಸ್ರಿ. ಹಿಂಭಾಗ ಎದ್ದ ಮ್ಯಾಲೆ ಹೆಡ್‌ಲೈಟ್ ಕೆಳಗ ಬೀಳ್ತದ, ಅದನ್ನೂ ಗ್ವಾಡಿಗೆ ಬಿಟ್ಟು ಸೆಟ್ ಮಾಡ್ರಿ, ಘಾಟಿನ್ಯಾಗ ರಾತ್ರಿ ಓಡಸೋರು ನೀವು.

ಇನ್ನ ಒಂದು, ಇದನ್ನ ಮೆಕ್ಯಾನಿಕ್‌ಗೆ ತೋರಸ್ರಿ. ಎಬಿಎಸ್ ಇಲ್ಲದ ಕೆಲವು ಮಾಡೆಲ್ಲಿನಾಗ ಹಿಂದಿನ ಆಕ್ಸಲ್ಲಿಗೆ ಒಂದು ಸಣ್ಣ ಸ್ಪ್ರಿಂಗ್ ಕಟ್ಟಿದ ಬ್ರೇಕ್ ವಾಲ್ವ್ ಇರ್ತದ, ಲೋಡ್ ಎಷ್ಟದ ನೋಡಿ ಹಿಂದಿನ ಬ್ರೇಕಿಗೆ ಎಷ್ಟು ಪ್ರೆಶರ್ ಬಿಡಬೇಕು ಅಂತ ತೀರ್ಮಾನ ಮಾಡೂದು ಅದೇ. ಹಿಂಭಾಗ ಎತ್ತರ ಆದ್ರ ಗಾಡಿ ಖಾಲಿ ಅದ ಅಂತ ತಿಳಕೊಂಡು ಹಿಂದಿನ ಬ್ರೇಕ್ ಕಡಿಮಿ ಮಾಡ್ತದ. ಒರಿಜಿನಲ್ ಎತ್ತರಕ್ಕ ಬಂದ್ರ ತೊಂದ್ರಿ ಇಲ್ಲ, ಆದ್ರ ಹಳೇ ಸ್ಪ್ರಿಂಗ್ ಕೂತಾಗ ಯಾರರೆ ಅದರ ರಾಡ್ ಅಡ್ಜಸ್ಟ್ ಮಾಡಿದ್ರ ಈಗ ವಾಪಸ್ ಕಂಪನಿ ಅಳತಿಗೆ ತರಬೇಕು. ನಿಮ್ಮ ಗಾಡಿಗೆ ಎಬಿಎಸ್ ಅದನೋ ಇಲ್ಲೋ ಹೇಳ್ರಿ, ಇಲ್ಲಂದ್ರ ಆ ವಾಲ್ವಿನ ಫೋಟೋ ಹಾಕ್ರಿ, ಬಿಚ್ಚೂಕ್ಕಿಂತ ಮೊದಲ ಏನ್ ಗುರುತು ಮಾಡ್ಕೋಬೇಕು ಹೇಳ್ತೀನಿ.